ದಿಡ್ಡಿ ಬಾಗಿಲು

ನನ್ನ ತಮ್ಮ ನಾಟಕದಲ್ಲಿ ದೊರೆ, ಹೊಟ್ಟೆಪಾಡಿಗೆ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಎರಡೂ ಒಂದೇ ಕೆಲಸ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಡಿಪೋದಲ್ಲಿ ಅವನು ಸೀಟಿ ಊದಿದನೆಂದರೆ ಬಸ್ಸು ಹೊರಡಬೇಕು; ಹಿಂದೆ ಓಡಿಬರುತ್ತಿರುವವಳು ಅವನ ಹೆಂಡತಿಯೇ ಆದರೂ ಸರಿ. ಒಂದು ಸಲ ನಿಜವಾಗಿಯೂ ಹೆಂಡತಿಯೇ ಆಗಿದ್ದಳು. ಅವತ್ತು ಸಂಜೆ ಮನೆಯಲ್ಲಿ ಯಾರೂ ಯಾರ ಜೊತೆಗೂ ಮಾತಾಡಲಿಲ್ಲ. ಬಸ್ಸು ಮಾತ್ರ ಸರಿಯಾದ ಹೊತ್ತಿಗೆ ಹೋಗಿತ್ತು.

ನಮ್ಮದೊಂದು ನಾಟಕದ ತಂಡ. ಹಗಲೆಲ್ಲ ತಂತಮ್ಮ ಕೆಲಸ ನೋಡಿಕೊಂಡು, ಸಂಜೆ ಬಂದು ಹಳೇ ಕಾಲದ ರಾಜರಾಣಿಯರಾಗಿ ಸಾಯುವ ಜನ. ದುರಂತ ನಾಟಕ ಅಂದರೆ ತಮ್ಮನಿಗೆ ಪ್ರಾಣ. ಕೊನೆಯಲ್ಲಿ ಯಾರೂ ಸಾಯದಿದ್ದರೆ ಅದು ನಾಟಕವೇ ಅಲ್ಲ ಅವನ ಲೆಕ್ಕದಲ್ಲಿ. ನಾನು ಟೈಲರ್. ಉಡುಪು ಹೊಲಿಯುತ್ತೇನೆ, ಜನ ಸಾಲದಿದ್ದರೆ ಒಟ್ಟಿಗೆ ಮಾತು ಹೇಳುವ ಮೇಳದಲ್ಲೂ ನಿಲ್ಲುತ್ತೇನೆ. ಜನ ಯಾವತ್ತೂ ಸಾಲುವುದಿಲ್ಲ. ತಾಲೀಮು ನಡೆಯುವುದು ಒಂದು ಹಳೇ ಗೋದಾಮಿನ ಮಹಡಿಯ ಮೇಲೆ. ಕಬ್ಬಿಣದ ಮೆಟ್ಟಿಲು ಹತ್ತಿದರೆ ದಪ್ಪ ಮರದ ಬಾಗಿಲು, ಒಳಗಡೆ ಅಗುಳಿ.

ಆ ಅಗುಳಿ ಆರು ಗಂಟೆಗೆ ಬೀಳುತ್ತದೆ. ಹೊರಗಿದ್ದವರು ಹೊರಗೆ. ಕೊನೆಯ ತಾಲೀಮಿನ ದಿನ ಹೊರಗುಳಿದವರ ಪಾತ್ರ ಇನ್ನೊಬ್ಬರಿಗೆ. ಈ ನಿಯಮ ನನ್ನ ತಮ್ಮನದು. ಅದನ್ನು ಬೈಯುವ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು, ತಂಡ ಉಳಿದದ್ದು ಅದರಿಂದಲೇ. ಅದಕ್ಕೂ ಮುಂಚೆ ದೊರೆ ಬಂದರೆ ಮಂತ್ರಿ ಇಲ್ಲ, ಮಂತ್ರಿ ಬಂದರೆ ಕೊಲೆಗಾರ ಇಲ್ಲ. ಒಂದು ಪ್ರದರ್ಶನದಲ್ಲಿ ಕೊಲೆಗಾರ ಬರಲೇ ಇಲ್ಲ. ದೊರೆ ಪಾಪ ಸ್ವಲ್ಪ ಹೊತ್ತು ಕಾದು, ತಾನಾಗಿಯೇ ಬಿದ್ದು ಸತ್ತ.

ನಿಯಮದ ಬಿಸಿ ಮೊದಲು ತಟ್ಟಿದ್ದು ಪ್ರೂಫ್‌ಗೆ. ಅಚ್ಚುಕೂಟದಲ್ಲಿ ಕರಡು ತಿದ್ದುವವನಾದ್ದರಿಂದ ಎಲ್ಲರೂ ಅವನನ್ನು ಹಾಗೇ ಕರೆಯುತ್ತಾರೆ. ಒಳ್ಳೆಯ ಕಂಠ, ಎತ್ತರದ ಆಳು. ಕೆಲವು ವರ್ಷಗಳ ಹಿಂದೆ ಅವನಿಗೆ ದೊರೆಯ ಅಣ್ಣನ ಪಾತ್ರ ಸಿಕ್ಕಿತ್ತು. ಕೊನೆಯ ತಾಲೀಮಿನ ದಿನ ಅವನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದರು. ಅವರನ್ನು ಆಸ್ಪತ್ರೆಗೆ ಸೇರಿಸಿ ಓಡಿ ಬರುವಷ್ಟರಲ್ಲಿ ಅಗುಳಿ ಬಿದ್ದಿತ್ತು. ತಟ್ಟಿದ. ತಮ್ಮ ತೆಗೆಯಲಿಲ್ಲ. ತಾಲೀಮು ಮುಗಿಯುವವರೆಗೆ ಪ್ರೂಫ್ ಮೆಟ್ಟಿಲ ಮೇಲೆ ಕೂತಿದ್ದ. ಆಮೇಲೆ ನಾನು ಹೊಲಿದ ಅಂಗಿಯನ್ನು ನೀಟಾಗಿ ಮಡಿಸಿ ನನ್ನ ಕೈಗೆ ಕೊಟ್ಟು, "ಅಕ್ಕ, ಇದನ್ನ ಸ್ವಲ್ಪ ಒಳಗೆ ಹಿಡಿಯಬೇಕಾಗುತ್ತೆ, ಈಗ ಪಾತ್ರ ಸಿಕ್ಕವನು ನನಗಿಂತ ಸಣ್ಣ" ಅಂದ. ಅವತ್ತಿನಿಂದ ಮೇಳದ ಹಿಂದಿನ ಸಾಲೇ ಅವನ ಜಾಗ. ಅವನು ಮತ್ತೆ ಪಾತ್ರ ಕೇಳಲಿಲ್ಲ, ತಮ್ಮ ಕೊಡಲೂ ಇಲ್ಲ.

ಈ ವರ್ಷ ತಮ್ಮ ಆರಿಸಿದ ನಾಟಕದ ಕಥೆ ಕೇಳಿ. ಕೋಟೆಯೊಳಗಿನ ಒಂದು ಊರು, ಹೊರಗೆ ಶತ್ರು. ಹೊತ್ತು ಮುಳುಗಿದ ಮೇಲೆ ಯಾರಿಗೂ ಕೋಟೆ ಬಾಗಿಲು ತೆರೆಯಬಾರದು ಎಂದು ದೊರೆಯ ಅಪ್ಪಣೆ. ಗಾಯಗೊಂಡವರಿಗೆ ನೀರು ಕೊಡಲು ಹೊರಗೆ ಹೋದ ದೊರೆಯ ಮಗಳು ಹಿಂದಿರುಗುವಷ್ಟರಲ್ಲಿ ಹೊತ್ತು ಮುಳುಗಿದೆ. ಅವಳು ಬಾಗಿಲು ತಟ್ಟುತ್ತಾಳೆ. ದೊರೆ ಊರವರನ್ನು, ಅಂದರೆ ಮೇಳವನ್ನು ಕೇಳುತ್ತಾನೆ: "ಊರೇ, ನೀನೇ ಹೇಳು. ತೆರೆಯಲೇ?" ಮೇಳ ಒಂದೇ ದನಿಯಲ್ಲಿ ಹೇಳುತ್ತದೆ: "ನಿಯಮ ನಿನ್ನದು, ದೊರೆ. ನಾವು ಅದರ ನೆರಳಿನವರು." ಆ ಮಾತಿಗೆ ತಟ್ಟುವ ಸದ್ದು ನಿಲ್ಲುತ್ತದೆ. ಬೆಳಗ್ಗೆ ಮಗಳ ಹೆಣ. ದೊರೆ ಎದೆ ಬಡಿದುಕೊಳ್ಳುತ್ತಾನೆ, ಅದೇ ಮೇಳ ಮುಂದೆ ಬಂದು "ತಡವಾಗಿ ಕಲಿತೆ, ದೊರೆ" ಎಂದು ಬುದ್ಧಿ ಹೇಳುತ್ತದೆ.

ನನಗೆ ಆ ಮೇಳವನ್ನು ಕಂಡರೆ ಮೈ ಉರಿಯುತ್ತಿತ್ತು. ಅಟ್ಟ ಹತ್ತಿಸಿ ಏಣಿ ತೆಗೆಯುವ ಜನ. ಹಾಗಂತ ತಮ್ಮನಿಗೆ ಹೇಳಿದರೆ ಅವನು ನಕ್ಕ. ಯಾವ ದೊರೆಗೆ ಬುದ್ಧಿ ಕಲಿಸಲಿಕ್ಕೆ ಆ ನಾಟಕ ಬರೆದರೋ, ಆ ದೊರೆಯೇ ಸರಿ ಎಂದು ತೋರಿಸಲಿಕ್ಕೆ ಇವನು ಅದನ್ನು ಆರಿಸಿಕೊಂಡಿದ್ದ.

"ಒಬ್ಬರಿಗೆ ತೆರೆದ್ರೆ ಅದು ಬಾಗಿಲಲ್ಲ ಅಕ್ಕ, ಪರದೆ," ಅಂದ. "ಮಗಳಿಗೊಂದು, ಊರಿಗೊಂದು ಅಂದ ದಿನ ಅವನು ಬರೀ ಅಪ್ಪ. ದೊರೆ ಅಲ್ಲ."

"ಊರು ಉಳೀಲಿ ಅಂತ ತಾನೇ ನಿಯಮ ಮಾಡಿದ್ದು?" ಅಂದಳು ಅವನ ಮಗಳು. "ಮಗಳು ಊರಿನವಳಲ್ವಾ, ಅಪ್ಪ?"

ಅವಳು ಮಕ್ಕಳ ವಾರ್ಡಿನಲ್ಲಿ ನರ್ಸ್. ದೊರೆಯ ಮಗಳ ಪಾತ್ರವೂ ಅವಳದೇ. ಅಪ್ಪನ ಮೂಗು, ಅಪ್ಪನ ಹಟ. ಮೇಳದವರೆಲ್ಲ ಆ ಮಾತಿಗೆ ಏನಾದರೊಂದು ಸೇರಿಸಿದರು. ಮಗಳು ಊರಿನವಳೇ, ಆದರೆ ಬಾಗಿಲು ತೆರೆದರೆ ಒಳಗೆ ಬರುವುದು ಮಗಳೊಬ್ಬಳೇನಾ ಎಂದು ಒಬ್ಬರು. ಕಾನೂನು ಮಾಡಿದವನಿಗೆ ಅದನ್ನು ಮುರಿಯುವ ಹಕ್ಕು ಎಲ್ಲರಿಗಿಂತ ಕಡಿಮೆ ಎಂದು ಇನ್ನೊಬ್ಬರು. ಕಾಫಿ ಆರಿಹೋಗುವಷ್ಟು ಚರ್ಚೆ. ಪ್ರೂಫ್ ಮಾತ್ರ ಎಲ್ಲರ ಲೋಟ ಒಟ್ಟುಮಾಡಿಕೊಂಡು ತೊಳೆಯಲು ಹೋದ.

ರಂಗಕ್ಕೆ ಕೋಟೆ ಬಾಗಿಲು ಮಾಡಲು ಬಂದ ಬಡಗಿ, ಕೀಲು ಎಲ್ಲಿ ಹಾಕಲಿ ಎಂದು ಕೇಳಿದ. "ತೆರೆಯದ ಬಾಗಿಲಿಗೆ ಕೀಲು ಯಾಕೆ?" ಅಂದ ತಮ್ಮ. ಬಡಗಿ ಪ್ಲೈವುಡ್ ಹಲಗೆಯನ್ನು ಚೌಕಟ್ಟಿಗೆ ಹೊಡೆದು, ಅದರ ಮೇಲೆ ದಪ್ಪ ದಪ್ಪ ಮೊಳೆಗಳ ಚಿತ್ರ ಬಿಡಿಸಿ ಹೋದ.

ಇನ್ನು ನಮ್ಮ ಮೇಳದ ಪದ್ಧತಿ. ಹತ್ತು ಹನ್ನೆರಡು ಜನ ಒಂದೇ ಬಾಯಲ್ಲಿ ಮಾತಾಡುವುದು ಸುಲಭವಲ್ಲ. ತಮ್ಮನ ಹೆಂಡತಿ ಶಾಲೆಯಲ್ಲಿ ಸಂಗೀತದ ಟೀಚರ್, ಮೇಳಕ್ಕೆ ಅವಳೇ ಮುಂದಾಳು. ಕೈ ಎತ್ತುವುದಿಲ್ಲ, ತಲೆ ಆಡಿಸುವುದಿಲ್ಲ. ಪಕ್ಕದವರಿಗೆ ಕೇಳುವ ಹಾಗೆ ಒಂದು ಉಸಿರು ಎಳೆದುಕೊಳ್ಳುತ್ತಾಳೆ. ಆ ಉಸಿರು ತುಂಬಿದ ಕ್ಷಣಕ್ಕೆ ನಮ್ಮೆಲ್ಲರ ಬಾಯಿ ತೆರೆಯಬೇಕು. ತಿಂಗಳುಗಟ್ಟಲೆ ಹೀಗೆ ಪಳಗಿಸಿದ್ದಳು. "ಅಮ್ಮ ಆಕಳಿಸಿದ್ರೂ ನೀವೆಲ್ಲ ಶುರು ಹಚ್ಕೋತೀರಿ" ಅಂತ ಹುಡುಗಿ ತಮಾಷೆ ಮಾಡುತ್ತಿದ್ದಳು. ಅದು ತಮಾಷೆಯಾಗಿ ಉಳಿಯಲಿಲ್ಲ.

ಕೊನೆಯ ತಾಲೀಮಿನ ದಿನ ಅಗುಳಿ ಬಿತ್ತು. ಹುಡುಗಿ ಬಂದಿರಲಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತಮ್ಮ ಏನೂ ಆಗದವನಂತೆ ಮೊದಲ ದೃಶ್ಯ ಶುರು ಮಾಡಿಸಿದ, ಆದರೆ ಕಿವಿ ಮೆಟ್ಟಿಲ ಕಡೆಗೇ ಇತ್ತು. ಸ್ವಲ್ಪ ಹೊತ್ತಿಗೆ ಕಬ್ಬಿಣದ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಬಾಗಿಲು ತಟ್ಟಿದಳು.

"ಅಪ್ಪ, ನಾನು. ನನ್ನ ಆಮೇಲಿನ ಡ್ಯೂಟಿಯವಳು ಬರಲಿಲ್ಲ. ಒಂದು ಮಗುಗೆ ಉಸಿರಾಟ ಸರಿ ಇರಲಿಲ್ಲ, ಬಿಟ್ಟು ಬರೋಕಾಗಲಿಲ್ಲ."

ತಮ್ಮ ಬಾಗಿಲ ಹತ್ತಿರ ಹೋದ. ಅಗುಳಿಯ ಮೇಲೆ ಕೈ ಇಟ್ಟ. ಇಟ್ಟವನು ತಿರುಗಿ ನೋಡಿದ. ಹಿಂದಿನ ಸಾಲಿನಲ್ಲಿ ಪ್ರೂಫ್ ನಿಂತಿದ್ದ. ಅವನ ಮುಖದಲ್ಲಿ ಕೋಪ ಇರಲಿಲ್ಲ, ಕಾಯುವವನ ಮುಖ. ತಮ್ಮನ ಕೈ ಕೆಳಗಿಳಿಯಿತು. ಹೊರಗೆ ಮತ್ತೆ ತಟ್ಟಿದಳು. ಆಗ ಅವನು ನಮ್ಮ ಕಡೆ ತಿರುಗಿ, ದೊರೆಯ ದನಿಯಲ್ಲಲ್ಲ, ತನ್ನದೇ ದನಿಯಲ್ಲಿ, "ನೀವೇ ಹೇಳಿ. ತೆಗೀಲಾ?" ಅಂದ.

ತಮ್ಮನ ಹೆಂಡತಿ ನನ್ನ ಪಕ್ಕದಲ್ಲೇ ಇದ್ದಳು. "ತೆಗೀರಿ" ಅನ್ನಲಿಕ್ಕೆ ಅವಳು ಉಸಿರೆಳೆದುಕೊಂಡಳು. ನಾಲಿಗೆ ಹಲ್ಲಿಗೆ ತಾಗಿದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಅವಳ ಉಸಿರು ಕೇಳಿದ ಇಡೀ ಮೇಳ, ನಾನೂ ಸೇರಿದಂತೆ, ಪಳಗಿದ ಬಾಯಿ ತೆರೆದು ಒಂದೇ ದನಿಯಲ್ಲಿ ಹೇಳಿಬಿಟ್ಟಿತು:

"ನಿಯಮ ನಿನ್ನದು, ದೊರೆ. ನಾವು ಅದರ ನೆರಳಿನವರು."

ಅಷ್ಟು ಚೆನ್ನಾಗಿ ನಾವು ಯಾವತ್ತೂ ಹೇಳಿರಲಿಲ್ಲ. ಹೊರಗೆ ತಟ್ಟುವುದು ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ನಿಧಾನವಾಗಿ ಇಳಿದು ಹೋಯಿತು. ತಮ್ಮನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ತಮ್ಮ, "ಸರಿ, ನೀವೇ ಹೇಳಿದಿರಿ" ಅಂದ. ಆಮೇಲೆ ಮಗಳ ಪಾತ್ರವನ್ನು ಮೇಳದಲ್ಲಿದ್ದ ಅಂಚೆ ಕಚೇರಿಯ ಹುಡುಗಿಗೆ ಕೊಟ್ಟ. ಅವಳಿಗೆ ಎಲ್ಲರ ಮಾತೂ ಬಾಯಿಪಾಠ.

ಹುಡುಗಿ ಮನೆಗೆ ಬರಲಿಲ್ಲ. ಆಸ್ಪತ್ರೆಯ ನರ್ಸ್‌ಗಳ ಹಾಸ್ಟೆಲಿಗೆ ಹೋಗಿ ಸೇರಿಕೊಂಡಳು. ನನಗೊಂದು ಫೋನ್ ಮಾಡಿ, "ಅತ್ತೆ, ನನ್ನ ಬಟ್ಟೆ ಕಳಿಸಿಕೊಡಿ. ಅವರಿಬ್ಬರ ಜೊತೆಗೂ ನನಗೆ ಮಾತಿಲ್ಲ" ಅಂದಳು. ಒಬ್ಬಳೇ ಮಗಳು. ಬಟ್ಟೆಯ ಚೀಲ ಕಟ್ಟುವಾಗ ನನ್ನ ಕಣ್ಣು ತುಂಬಿಬಂತು, ಸುಳ್ಳು ಯಾಕೆ ಹೇಳಲಿ.

ಮಾರನೇ ದಿನ ತಮ್ಮನ ಮನೆಗೆ ಹೋದೆ. ಅವನು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ, ತುತ್ತು ಎತ್ತುತ್ತಿರಲಿಲ್ಲ.

"ಮಗಳನ್ನ ಹೊರಗೆ ನಿಲ್ಲಿಸಿ ಬಂದೆಯಲ್ಲೋ," ಅಂದೆ. "ಯಾವ ಕೋಟೆ ಮುಳುಗಿ ಹೋಗ್ತಿತ್ತು?"

"ಪ್ರೂಫ್ ಮುಖ ನೋಡ್ದೆ ಅಕ್ಕ. ಅವನ ಅಮ್ಮನೂ ಸುಮ್ಮನೆ ಬಿದ್ದಿರಲಿಲ್ಲ. ಇವತ್ತು ನನ್ನ ಮಗಳಿಗೆ ತೆಗೆದಿದ್ರೆ, ಅವತ್ತು ಅವನಿಗೆ ಮಾಡಿದ್ದು ಏನಾಗುತ್ತೆ?"

"ತಪ್ಪಾಗುತ್ತೆ."

"ಅದೇ," ಅಂದು ತಟ್ಟೆ ಸರಿಸಿ ಎದ್ದುಹೋದ.

ಒಂದು ತಪ್ಪನ್ನು ತಪ್ಪು ಅನ್ನಲಾರದೆ ಅದರ ಪಕ್ಕದಲ್ಲೇ ಅಂಥದೇ ಇನ್ನೊಂದನ್ನು ಇಟ್ಟು, ನೋಡಿ ಎರಡೂ ಸಮ ಇವೆ ಎನ್ನುವುದು. ನ್ಯಾಯ ಅಂತ ಅವನು ಕರೆದದ್ದು ಇದನ್ನೇ. ಅವನಿಗೆ ನಾಲ್ಕು ಬಿಡಬೇಕು ಅನ್ನಿಸಿತು, ಅಷ್ಟೇ ಅಯ್ಯೋ ಅಂತಲೂ ಅನ್ನಿಸಿತು. ಅಡುಗೆಮನೆಯಲ್ಲಿ ಅವನ ಹೆಂಡತಿ ಬೆನ್ನು ತಿರುಗಿಸಿಕೊಂಡು ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕಿದ್ದನ್ನೇ ತಿಕ್ಕುತ್ತಿದ್ದಳು.

ಪ್ರದರ್ಶನ ಭಾನುವಾರ ಮಧ್ಯಾಹ್ನ. ಜನ ಚೆನ್ನಾಗಿಯೇ ಬಂದಿದ್ದರು. ತಮ್ಮ ಅವತ್ತು ಎಂದೂ ಇಲ್ಲದ ಹಾಗೆ ಅಭಿನಯಿಸುತ್ತಿದ್ದ. ದನಿಯಲ್ಲಿ ನಡುಕ, ನಡುಕದಲ್ಲಿ ನಿಜ. ಕೋಟೆ ಬಾಗಿಲ ದೃಶ್ಯ ಬಂತು. ಹಲಗೆಯ ಹಿಂದಿನಿಂದ ಅಂಚೆ ಕಚೇರಿಯ ಹುಡುಗಿ ತಟ್ಟತೊಡಗಿದಳು. ತಮ್ಮ ನಮ್ಮ ಕಡೆ ತಿರುಗಿದ.

"ಊರೇ, ನೀನೇ ಹೇಳು. ತೆರೆಯಲೇ?"

ನಾವು ಉಸಿರಿಗೆ ಕಾದೆವು. ಉಸಿರು ಬರಲಿಲ್ಲ.

ನಾನು ಓರೆಗಣ್ಣಿನಿಂದ ನೋಡಿದೆ. ತಮ್ಮನ ಹೆಂಡತಿ ತುಟಿ ಬಿಗಿದುಕೊಂಡು ನೆಟ್ಟಗೆ ನಿಂತಿದ್ದಳು. ಎದೆ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಮಾತು ಮರೆತವಳ ಮುಖವಲ್ಲ ಅದು. ಕುತ್ತಿಗೆಯ ನರ ಎದ್ದುನಿಂತಿತ್ತು. ಅವಳ ಉಸಿರಿಲ್ಲದೆ ನಮ್ಮಲ್ಲಿ ಯಾರಿಗೂ ಬಾಯಿ ತೆರೆಯಲು ಗೊತ್ತಿರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಗೊತ್ತಿದ್ದರೂ ತೆರೆಯುತ್ತಿರಲಿಲ್ಲ.

ಅಂಚೆ ಕಚೇರಿಯ ಹುಡುಗಿಗೆ ಹೇಳಿಕೊಟ್ಟಿದ್ದು ಒಂದೇ: ಮೇಳದ ಮಾತು ಕೇಳುವವರೆಗೆ ತಟ್ಟುತ್ತಿರು. ಮೇಳ ಮಾತಾಡಲಿಲ್ಲ, ಹಾಗಾಗಿ ಅವಳು ನಿಲ್ಲಿಸಲಿಲ್ಲ. ತಟ್ಟಿದಳು, ತಟ್ಟಿದಳು, ಕೈ ನೋಯತೊಡಗಿತೇನೋ, ಗುದ್ದಿದಳು. ಸಭೆಯಲ್ಲಿ ಯಾರೋ ಕೆಮ್ಮಿ ಸುಮ್ಮನಾದರು. ತಮ್ಮನ ಹಣೆಯ ಬಣ್ಣದ ಮೇಲೆ ಬೆವರು ಗೆರೆ ಎಳೆಯಿತು.

"ಊರೇ, ಹೇಳು," ಅಂದ ಇನ್ನೊಮ್ಮೆ. ಆಮೇಲೆ ದೊರೆಯ ದನಿ ಬಿದ್ದುಹೋಗಿ, "ಯಾರಾದ್ರೂ ಏನಾದ್ರೂ ಹೇಳ್ರೋ," ಅಂದ.

ಹೇಳುವುದಕ್ಕೆ ಏನಿತ್ತು? ಕೈ ಅವನದು, ಅಗುಳಿ ಅವನದು. ಮುಂಚೆ ಹೇಳಿ ಹೇಳಿ ನಾವು ಅವನ ಹೊರೆಯನ್ನು ಹಂಚಿಕೊಂಡಿದ್ದೆವು. ಅವತ್ತು ಪೂರ್ತಿ ಹೊರೆ ಅವನ ತಲೆಯ ಮೇಲೇ ಉಳಿಯಿತು. ಅಷ್ಟು ಜನರ ಮಧ್ಯೆ ಅಷ್ಟು ಒಂಟಿಯಾಗಿ ನಿಂತವನನ್ನು ನಾನು ಕಂಡಿಲ್ಲ. ಚಿಕ್ಕಂದಿನಲ್ಲಿ ನನ್ನ ಸೆರಗು ಹಿಡಿದು ಓಡಾಡುತ್ತಿದ್ದ ಹುಡುಗ ಅವನು. ಕೂಗಿ ಏನಾದರೂ ಹೇಳಿಬಿಡೋಣ ಅನ್ನಿಸಿತು. ಹಲ್ಲು ಕಚ್ಚಿ ಸುಮ್ಮನಿದ್ದೆ.

ತಟ್ಟುವುದು ನಿಲ್ಲಲಿಲ್ಲ. ತಮ್ಮ ಒಮ್ಮೆಗೇ ತಿರುಗಿ ಬಾಗಿಲಿಗೆ ಕೈ ಹಾಕಿ ಎಳೆದ. ಕೀಲಿಲ್ಲದ ಬಾಗಿಲು ತೆರೆಯುವುದು ಹೇಗೆ? ಎರಡೂ ಕೈ ಹಾಕಿ ಜಗ್ಗಿದ, ಕಾಲು ಕೊಟ್ಟು ಜಗ್ಗಿದ. ಮೊಳೆ ಕಿತ್ತು ಇಡೀ ಹಲಗೆ ಚೌಕಟ್ಟಿನ ಸಮೇತ ಅವನ ಮೇಲೇ ಬಂತು. ಪಕ್ಕಕ್ಕೆ ಸರಿದದ್ದರಿಂದ ಉಳಿದ. ಧೂಳು ಇಳಿದ ಮೇಲೆ ನೋಡಿದರೆ ಅಂಚೆ ಕಚೇರಿಯ ಹುಡುಗಿ ಎತ್ತಿದ ಮುಷ್ಟಿ ಎತ್ತಿದಂತೆಯೇ ನಿಂತಿದ್ದಳು.

"ಒಳಗೆ ಬಾ, ಮಗಳೇ," ಅಂದ ತಮ್ಮ. ಅಷ್ಟು ಹೇಳಿ ಅವನಿಗೆ ಅಳು ಬಂತು.

ದೊರೆಯ ಮಗಳು ಬದುಕಿಕೊಂಡ ಮೇಲೆ ನಾಟಕದಲ್ಲಿ ಮುಂದೆ ಏನೂ ಇರಲಿಲ್ಲ. ಪರದೆ ಎಳೆದರು. ಮುಂದಿನ ಸಾಲಿನವರು ಇದೇನೋ ಹೊಸ ಪ್ರಯೋಗ ಎಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪರದೆಯ ಹಿಂದೆ ತಮ್ಮ ಬಿದ್ದ ಹಲಗೆಯ ಮೇಲೆ ಕೂತಿದ್ದ. ಹೆಂಡತಿಯನ್ನು ನೋಡಿ, "ಯಾಕೆ ಉಸಿರು ತಗೊಳ್ಳಲಿಲ್ಲ?" ಅಂತ ಕೇಳಿದ. ಸಿಟ್ಟಿನಿಂದ ಕೇಳಿದ್ದಲ್ಲ.

"ಅವತ್ತು ತಗೊಂಡಿದ್ದೆ ರೀ. 'ತೆಗೀರಿ' ಅನ್ನೋಕೆ. ನನ್ನ ಉಸಿರಲ್ಲಿ ನಿಮ್ಮ ಮಾತು ಬಂತು."

ಅವನು ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಎದ್ದ. ಕಿರೀಟ ತೆಗೆದು ನನ್ನ ಕೈಗೆ ಕೊಟ್ಟ, ಬಣ್ಣ ತೊಳೆಯುವಷ್ಟು ವ್ಯವಧಾನ ಇರಲಿಲ್ಲ.

ನಾವು ಮೂವರೂ ಹಾಸ್ಟೆಲ್ ತಲುಪುವಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ದೊಡ್ಡ ಗೇಟು ಮುಚ್ಚಿತ್ತು. ಒಳಗಿದ್ದ ಕಾವಲಿನ ಹೆಂಗಸು ತಮ್ಮನ ಕಾಡಿಗೆ ಕಣ್ಣು, ಕೆನ್ನೆಗೆ ಅಂಟಿದ್ದ ಅರ್ಧ ಗಡ್ಡ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

"ಭೇಟಿ ಟೈಮು ಆರಕ್ಕೆ ಮುಗೀತು. ನಾಳೆ ಬನ್ನಿ."

ತಮ್ಮ ಏನು ಹೇಳಿಯಾನು? ಆ ಮಾತಿನ ಉತ್ತರ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. "ಸರಿಯಮ್ಮ," ಅಂದು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತ. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ.

ಅಷ್ಟರಲ್ಲಿ ಆಸ್ಪತ್ರೆಯ ಕಡೆಯಿಂದ ಹುಡುಗಿಯೇ ನಡೆದು ಬಂದಳು. ಡ್ಯೂಟಿ ಆಗತಾನೇ ಮುಗಿದಿತ್ತು. ನಮ್ಮನ್ನು ನೋಡಿ ನಿಂತಳು. ಅವಳಮ್ಮ ಹೋಗಿ ಅವಳ ಕೈ ಹಿಡಿದುಕೊಂಡು ಎಲ್ಲವನ್ನೂ ಒಂದೇ ಸಮನೆ ಹೇಳಿದಳು.

"ಗೊತ್ತಮ್ಮ," ಅಂದಳು ಹುಡುಗಿ. "ನಿನ್ನ ಉಸಿರು ನನಗೆ ಗೊತ್ತಾಗಲ್ವಾ? ಅವರು ಹೇಳಿ ಮುಗಿಸಿದ ಮೇಲಾದ್ರೂ ನಿನ್ನ ಮಾತು ಹೇಳಬಹುದಿತ್ತಲ್ಲ. ನಾನು ಮೆಟ್ಟಿಲ ಕೆಳಗೆ ನಿಂತು ಕಾದೆ."

ತಮ್ಮ ಕಲ್ಲಿನಿಂದ ಎದ್ದ.

"ತಪ್ಪಾಯ್ತು ಮಗಳೇ. ಬಾಗಿಲು ತೆಗೀಬೇಕಿತ್ತು."

"ಬಾಗಿಲು ತೆಗೀಲಿಲ್ಲ ಅಂತ ನನಗೆ ಅಷ್ಟು ಬೇಜಾರಿಲ್ಲ ಅಪ್ಪ. ನಿಯಮ ನಿಮ್ಮದು, ಇಲ್ಲ ಅಂತ ನೀವೇ ಹೇಳಬಹುದಿತ್ತು. ಅವರನ್ನೆಲ್ಲ ಯಾಕೆ ಕೇಳಿದ್ರಿ? ನೀವು ಮಾಡಿದ್ದನ್ನ ಅಮ್ಮನ ಬಾಯಲ್ಲಿ, ಪ್ರೂಫ್ ಅಂಕಲ್ ಬಾಯಲ್ಲಿ ಹೇಳಿಸಿದ್ರಲ್ಲ. ಆ ವರ್ಷ ಅಂಕಲ್ ಹೊರಗೆ ಕೂತಿದ್ದಾಗ ಅವರಿಗೆ ಹೇಗಾಗಿತ್ತು ಅಂತ ಒಂದು ಸಲನಾದ್ರೂ ಕೇಳಿದೀರಾ?"

ತಮ್ಮ ಇಲ್ಲ ಎಂದು ತಲೆಯಾಡಿಸಿದ.

"ಮೊದಲು ಅವರ ಹತ್ರ ಹೋಗಿ. ಆಮೇಲೆ ನನ್ನ ಹತ್ರ ಬನ್ನಿ."

ಅವಳು ದೊಡ್ಡ ಗೇಟಿನ ಕಡೆ ಹೋಗಲಿಲ್ಲ. ಅದರ ಪಕ್ಕದಲ್ಲೇ, ಗೋಡೆಯಲ್ಲಿ, ಒಬ್ಬರು ತಲೆ ಬಗ್ಗಿಸಿ ಹೋಗುವಷ್ಟು ಒಂದು ದಿಡ್ಡಿ ಬಾಗಿಲಿತ್ತು. ಅಲ್ಲಿಯವರೆಗೆ ನಾವು ಅದನ್ನು ಗಮನಿಸಿಯೇ ಇರಲಿಲ್ಲ. ಗಂಟೆಯ ಗುಂಡಿ ಒತ್ತಿದಳು. ಕಾವಲಿನ ಹೆಂಗಸು ಬಂದು ತೆರೆದು, ಇವಳ ಮುಖ ನೋಡಿ ಒಳಗೆ ಬಿಟ್ಟು ಮತ್ತೆ ಮುಚ್ಚಿದಳು.

"ಇದು ಯಾರಿಗೆ?" ಅಂತ ತಮ್ಮ ಗೇಟಿನ ಸರಳುಗಳ ನಡುವಿನಿಂದ ಅವಳನ್ನು ಕೇಳಿದ.

"ಕೆಲಸದಿಂದ ತಡವಾಗಿ ಬರೋರಿಗೆ. ಯಾರೇ ಆಗಲಿ."

"ಎಲ್ಲರಿಗೂ?"

"ಮತ್ತೆ? ದೊಡ್ಡ ಗೇಟು ಮುಚ್ಚಿರಬೇಕು ಅಂತ ಕಟ್ಟಿದವರೇ ಇದನ್ನೂ ಇಟ್ಟಿದಾರೆ."

ಅವನು ಆ ಸಣ್ಣ ಬಾಗಿಲ ಹತ್ತಿರ ಹೋಗಿ ಅದರ ಚೌಕಟ್ಟಿನ ಮೇಲೆ ಕೈ ಇಟ್ಟ. ಅಷ್ಟು ವರ್ಷ ನಾಟಕ ಆಡಿ, ಅಷ್ಟೊಂದು ಚರ್ಚೆ ಮಾಡಿ, ತೆರೆಯಬೇಕು ಅಥವಾ ಮುಚ್ಚಬೇಕು ಎಂಬ ಎರಡರ ಮಧ್ಯೆಯೇ ನಾವೆಲ್ಲ ಸುತ್ತಿದ್ದೆವು. ಗೋಡೆಯಲ್ಲಿ ಇನ್ನೊಂದು ಬಾಗಿಲು ಇಡಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಪ್ರೂಫ್‌ನ ಮನೆ ಅಚ್ಚುಕೂಟದ ಹಿಂದಿನ ಬೀದಿಯಲ್ಲಿ. ಕಿಟಕಿಯಲ್ಲಿ ದೀಪ ಇತ್ತು, ಒಳಗೆ ಕುರ್ಚಿ ಸರಿದ ಸದ್ದು ಕೇಳಿಸಿತು. ನಾನೂ ತಮ್ಮನ ಹೆಂಡತಿಯೂ ಮೆಟ್ಟಿಲ ಕೆಳಗೇ ನಿಂತೆವು; ಇದು ನಾವು ಜೊತೆಗೆ ಹೇಳುವ ಮಾತಲ್ಲ. ತಮ್ಮ ಮೇಲೆ ಹೋಗಿ ಬಾಗಿಲು ತಟ್ಟಿದ.

"ಯಾರು?" ಅಂದ ಪ್ರೂಫ್ ಒಳಗಿನಿಂದ.

"ನಾನು," ಅಂದ ತಮ್ಮ. "ತಡವಾಗಿ ಬಂದಿದೀನಿ."

ಒಳಗೆ ಸದ್ದು ನಿಂತಿತು. ಬಾಗಿಲು ತೆರೆಯಲಿಲ್ಲ. ತಮ್ಮ ಇನ್ನೊಮ್ಮೆ ತಟ್ಟಲು ಕೈ ಎತ್ತಿದವನು ಕೆಳಗಿಳಿಸಿದ. ಆಮೇಲೆ ಅರ್ಧ ಗಡ್ಡದ ಮುಖ ಹೊತ್ತುಕೊಂಡು ಪ್ರೂಫ್‌ನ ಮೆಟ್ಟಿಲ ಮೇಲೆ ಕೂತುಕೊಂಡ.